ಉರಿ ಆರಿದ ಮೇಲಿನ ಹೊಗೆ: ಬೇಸಿಗೆಯ ಕಾಡ್ಗಿಚ್ಚು ಮತ್ತು ನಮ್ಮ ಉಸಿರಾಟ

ಸಂಕ್ರಾಂತಿ ಕಳೆದು ಮಹಾಶಿವರಾತ್ರಿ ಸಮೀಪಿಸುವ ಹೊತ್ತಿಗೆ ಬಾಬಾಬುಡನ್ ಗಿರಿಶ್ರೇಣಿಯ ಹುಲ್ಲುಗಾವಲುಗಳು ಒಣಗಿ ಹೊಂಬಣ್ಣ ತಾಳುತ್ತವೆ. ಭದ್ರಾ ಅರಣ್ಯದ ಎಲೆಯುದುರುವ ಕಾಡುಗಳಲ್ಲಿ ತರಗೆಲೆ ಕಾಲು ಹೂತುಹೋಗುವಷ್ಟು ಬಿದ್ದಿರುತ್ತದೆ. ಅಲ್ಲಿಂದ ಮುಂಗಾರಿಗೆ ಮುನ್ನಿನ ಮಳೆ ಬೀಳುವವರೆಗಿನ ಎರಡು ಮೂರು ತಿಂಗಳು ಈ ಸೀಮೆಗೆ ಬೆಂಕಿಯ ಕಾಲ. ರಾತ್ರಿಯ ವೇಳೆ ಗುಡ್ಡದ ನೆತ್ತಿಯಲ್ಲಿ ದೀಪದ ಸಾಲಿನಂತೆ ಹರಿಯುವ ಉರಿಯನ್ನು ತಪ್ಪಲಿನ ಹಳ್ಳಿಗಳ ಜನ ಅಂಗಳದಲ್ಲಿ ನಿಂತು ನೋಡುವುದುಂಟು. ಬೆಳಿಗ್ಗೆ ಎದ್ದಾಗ ಉರಿ ಕಾಣದಿದ್ದರೆ ‘ಸದ್ಯ, ಬೆಂಕಿ ಆರಿತು’ ಎಂದು ಸಮಾಧಾನಪಡುತ್ತೇವೆ.

ಆದರೆ ಆರೋಗ್ಯದ ದೃಷ್ಟಿಯಿಂದ ನೋಡುವಾಗ, ಹೆಚ್ಚು ಎಚ್ಚರದಿಂದ ಇರಬೇಕಾದ ಕಾಲ ಆರಂಭವಾಗುವುದು ಆ ಹೊತ್ತಿನಿಂದಲೇ. ಉರಿ ಕಣ್ಣಿಗೆ ಕಾಣುತ್ತದೆ. ಹೊಗೆಯ ಸೂಕ್ಷ್ಮ ಕಣ ಕಾಣುವುದಿಲ್ಲ. ಉರಿ ಗುಡ್ಡದಲ್ಲಿ ಉಳಿಯುತ್ತದೆ. ಹೊಗೆ ಊರಿಗೆ ಇಳಿಯುತ್ತದೆ. ಕಾಡ್ಗಿಚ್ಚಿನ ಹೊಗೆಯ ಕುರಿತು ಕಳೆದ ನಾಲ್ಕು ದಶಕಗಳಲ್ಲಿ ವಿಜ್ಞಾನಿಗಳು ಕಂಡುಕೊಂಡಿರುವ ಸಂಗತಿಗಳನ್ನು ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಪರಿಸ್ಥಿತಿಗೆ ಹೊಂದಿಸಿ ತಿಳಿಯುವ ಪ್ರಯತ್ನವನ್ನು ಈ ಸಂಚಿಕೆಯಲ್ಲಿ ಮಾಡೋಣ.

ಮೂರು ತಾಲ್ಲೂಕು, ಹಲವು ಬಗೆಯ ಬೆಂಕಿ

ನಮ್ಮ ಮೂರು ತಾಲ್ಲೂಕುಗಳು ಮಲೆನಾಡೂ ಬಯಲುಸೀಮೆಯೂ ಕೂಡುವ ಅಂಚಿನಲ್ಲಿವೆ. ತರೀಕೆರೆಯ ದಕ್ಷಿಣಕ್ಕೆ ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿಗಳ ಎತ್ತರದ ಹುಲ್ಲುಗಾವಲು ಮತ್ತು ಶೋಲಾ ಕಾಡು. ಲಕ್ಕವಳ್ಳಿಯ ಕಡೆಗೆ ಭದ್ರಾ ಅರಣ್ಯ. 1974ರಲ್ಲಿ ಭದ್ರಾ ವನ್ಯಜೀವಿಧಾಮವೆನಿಸಿದ ಈ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕಡೂರು ತಾಲ್ಲೂಕಿನ ಅಂಚಿಗೆ ಹೊಗರೇಕಾನುಗಿರಿಯ ಗುಡ್ಡಗಳಿವೆ. ಬಯಲಿನಲ್ಲಿ ಕೃಷ್ಣಮೃಗಗಳ ನೆಲೆಯಾದ ಬಾಸೂರು ಅಮೃತಮಹಲ್ ಕಾವಲು ಇದೆ. ಅಜ್ಜಂಪುರವಂತೂ ಅಮೃತಮಹಲ್ ತಳಿ ಸಂವರ್ಧನ ಕೇಂದ್ರದಿಂದಲೇ ಹೆಸರಾದ ಊರು. ಕಾವಲಿನ ಹುಲ್ಲು ಮಾಘ ಫಾಲ್ಗುಣಗಳಲ್ಲಿ ಒಂದು ಕಿಡಿಗೆ ಕಾದಿರುವಂತೆ ಒಣಗಿರುತ್ತದೆ.

ಬೆಟ್ಟದ ಹುಲ್ಲು, ಕಾಡಿನ ತರಗು, ಕಾವಲಿನ ಹುಲ್ಲು, ಇವು ಮೂರೂ ಬೇರೆ ಬೇರೆ ರೀತಿಯಲ್ಲಿ ಉರಿಯುತ್ತವೆ. ಇವುಗಳ ಜೊತೆಗೆ ನಾವೇ ಊರ ಬಾಗಿಲಲ್ಲಿ ಹಚ್ಚುವ ಬೆಂಕಿಗಳಿವೆ: ರಸ್ತೆಯ ಬದಿಯಲ್ಲಿ ಸುರಿದ ಅಡಿಕೆ ಸಿಪ್ಪೆಯ ರಾಶಿ, ತೋಟದ ಒಣ ಸೋಗೆ ಮತ್ತು ತೆಂಗಿನ ಗರಿ, ಹೊಲದ ಮೆಕ್ಕೆಜೋಳದ ದಂಟು, ಬೇಲಿಯ ಲಂಟಾನ, ತಿಪ್ಪೆಯ ಕಸ. ಕಾಡ್ಗಿಚ್ಚೆಂದರೆ ಕಾಡಿನವರ ಚಿಂತೆ, ಅರಣ್ಯ ಇಲಾಖೆಯ ಕೆಲಸ ಎಂದು ನಾವು ಭಾವಿಸುತ್ತೇವೆ. ಶ್ವಾಸಕೋಶಕ್ಕೆ ಆ ಭೇದವಿಲ್ಲ. ಬೆಟ್ಟದಿಂದ ಬಂದ ಹೊಗೆಯೂ ಹಿತ್ತಲಿನಿಂದ ಬಂದ ಹೊಗೆಯೂ ಒಂದೇ ಮೂಗಿನಿಂದ ಒಳಹೋಗುತ್ತವೆ.

ಹೊಗೆ ಹುಟ್ಟುವ ಬಗೆ

ಸಸ್ಯವಸ್ತು ಸುಡುವುದರಲ್ಲಿ ಮುಖ್ಯವಾಗಿ ಎರಡು ಹಂತಗಳಿವೆ. ಮೊದಲನೆಯದು ಉರಿಯ ಹಂತ. ಒಣಹುಲ್ಲಿಗೆ ಗಾಳಿ ಯಥೇಚ್ಛವಾಗಿ ದೊರೆತಾಗ ಜ್ವಾಲೆಯೆದ್ದು, ಹುಲ್ಲಿನಲ್ಲಿರುವ ಇಂಗಾಲದ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಬಿಸಿ ಹೆಚ್ಚಿರುವುದರಿಂದ ಹೊಗೆ ಮೇಲಕ್ಕೆ ಏರಿ ಚದುರುತ್ತದೆ. ಎರಡನೆಯದು ಕೆಂಡದ ಹಂತ. ದಪ್ಪ ಕೊರಡು, ಬೇರು, ಒತ್ತೊತ್ತಾಗಿ ಬಿದ್ದ ತರಗು, ಹಸಿಯಿರುವ ಸಿಪ್ಪೆಯ ರಾಶಿ ಇವುಗಳ ಒಳಭಾಗಕ್ಕೆ ಗಾಳಿ ಸಾಲದು. ಅವು ಜ್ವಾಲೆಯಿಲ್ಲದೆ ಒಳಗೊಳಗೇ ಬೇಯುತ್ತ ದಿನಗಟ್ಟಲೆ ಹೊಗೆಯಾಡುತ್ತವೆ. ಆಗ ಸುಡುವಿಕೆ ಅಪೂರ್ಣ. ಅರೆಸುಟ್ಟ ಪದಾರ್ಥವೇ ಹೊಗೆಯ ರೂಪದಲ್ಲಿ ಹೊರಬರುತ್ತದೆ.

ಆದ್ದರಿಂದ ಒಂದು ಕಿಲೋ ಸೌದೆ ಧಗಧಗನೆ ಉರಿದಾಗ ಬರುವುದಕ್ಕಿಂತ, ಅದೇ ಒಂದು ಕಿಲೋ ಕೆಂಡವಾಗಿ ಹೊಗೆಯಾಡಿದಾಗ ಬರುವ ಇಂಗಾಲದ ಮೊನಾಕ್ಸೈಡ್ ಮತ್ತು ಸೂಕ್ಷ್ಮ ಕಣಗಳ ಪ್ರಮಾಣ ಹೆಚ್ಚು. ಮನೆಯ ಒಲೆಯಲ್ಲಿಯೂ ಇದು ಅನುಭವಕ್ಕೆ ಬರುತ್ತದೆ. ಒಣಸೌದೆ ಚೆನ್ನಾಗಿ ಹತ್ತಿದಾಗ ಕಣ್ಣು ಉರಿಯುವುದು ಕಡಿಮೆ. ಹಸಿಸೌದೆ ಹೊಗೆಯಾಡಿದಾಗ ಅಡುಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ. ಕೆಂಡದ ಹೊಗೆಗೆ ಇನ್ನೊಂದು ದೋಷವೂ ಉಂಟು. ಬಿಸಿ ಕಡಿಮೆಯಿರುವುದರಿಂದ ಅದು ಮೇಲೇರದೆ ನೆಲಕ್ಕಂಟಿಕೊಂಡೇ ಹರಿಯುತ್ತದೆ.

ಹೊಗೆಯೆಂಬುದು ಒಂದೇ ವಸ್ತುವಲ್ಲ. ಅದರಲ್ಲಿ ಮಸಿ, ಅರೆಸುಟ್ಟ ಜೈವಿಕ ಪದಾರ್ಥಗಳ ಕಣಗಳು, ಇಂಗಾಲದ ಮೊನಾಕ್ಸೈಡ್, ಸಾರಜನಕದ ಆಕ್ಸೈಡುಗಳು, ಕಣ್ಣು ಮೂಗನ್ನು ಉರಿಸುವ ಫಾರ್ಮಾಲ್ಡಿಹೈಡ್, ಕ್ಯಾನ್ಸರಿಗೆ ಕಾರಣವಾಗಬಲ್ಲ ಬೆಂಜೀನ್ ಮೊದಲಾದ ನೂರಾರು ವಸ್ತುಗಳು ಇರುತ್ತವೆ. ಇವುಗಳಲ್ಲಿ ವೈದ್ಯಲೋಕ ಅತಿ ಹೆಚ್ಚು ಗಮನಿಸುವುದು ಪಿಎಂ 2.5 ಎಂಬ ಕಣಗಳನ್ನು. ಇವುಗಳ ಅಗಲ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಎಂದರೆ ಇವುಗಳ ಸೂಕ್ಷ್ಮತೆ ತಿಳಿಯುತ್ತದೆ.

ಹೊಗೆಯನ್ನು ಲೆಕ್ಕ ಹಾಕುವ ವಿದ್ಯೆ

ಬೆಟ್ಟದಲ್ಲಿ ಎದ್ದ ಹೊಗೆಯನ್ನು ತೂಗಿ ನೋಡಲಾಗುವುದೇ? ಇದಕ್ಕೆ ಒಂದು ಸರಳ ಲೆಕ್ಕವನ್ನು ವೋಲ್ಫ್‌ಗಾಂಗ್ ಸೈಲರ್ ಮತ್ತು ಪಾಲ್ ಕ್ರುಟ್ಸನ್ ಎಂಬ ವಿಜ್ಞಾನಿಗಳು 1980ರಲ್ಲಿ ಮುಂದಿಟ್ಟರು. ಕ್ರುಟ್ಸನ್ ಅವರು ಓಜೋನ್ ಪದರದ ಅಧ್ಯಯನಕ್ಕಾಗಿ 1995ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ಅವರ ಲೆಕ್ಕಕ್ಕೆ ನಾಲ್ಕು ಸಂಗತಿಗಳು ಬೇಕು: ಸುಟ್ಟ ನೆಲ ಎಷ್ಟು, ಅದರ ಮೇಲೆ ಇದ್ದ ಒಣವಸ್ತು ಎಷ್ಟು, ಅದರಲ್ಲಿ ನಿಜವಾಗಿ ಸುಟ್ಟ ಭಾಗ ಎಷ್ಟು, ಮತ್ತು ಒಂದು ಕಿಲೋ ಸುಟ್ಟರೆ ಬರುವ ಮಾಲಿನ್ಯ ಎಷ್ಟು. ಈ ನಾಲ್ಕನ್ನೂ ಗುಣಿಸಿದರೆ ಹೊಗೆಯ ಮೊತ್ತ ಸಿಗುತ್ತದೆ.

ತಿಳಿವಳಿಕೆಗಾಗಿ ಒಂದು ಉದಾಹರಣೆಯನ್ನು ನಾವೇ ಕಟ್ಟಿಕೊಳ್ಳೋಣ. ಗುಡ್ಡದ ಹುಲ್ಲುಗಾವಲು 100 ಹೆಕ್ಟೇರ್ ಸುಟ್ಟಿತೆನ್ನೋಣ. ಹೆಕ್ಟೇರಿಗೆ 3 ಟನ್ ಒಣಹುಲ್ಲು, ಅದರಲ್ಲಿ ನೂರಕ್ಕೆ 80 ಭಾಗ ಸುಟ್ಟಿತೆಂದರೆ ಒಟ್ಟು 240 ಟನ್ ಹುಲ್ಲು ಬೂದಿಯಾಯಿತು. ಉಷ್ಣವಲಯದ ಹುಲ್ಲುಗಾವಲಿನ ಬೆಂಕಿಯಲ್ಲಿ ಒಂದು ಕಿಲೋ ಹುಲ್ಲಿಗೆ ಸುಮಾರು 7 ಗ್ರಾಂ ಸೂಕ್ಷ್ಮ ಕಣ, 60 ಗ್ರಾಂಗೂ ಮೇಲ್ಪಟ್ಟು ಇಂಗಾಲದ ಮೊನಾಕ್ಸೈಡ್ ಬರುವುದೆಂದು ಅಳತೆಗಳು ಹೇಳುತ್ತವೆ. ಆ ಪ್ರಕಾರ 1,680 ಕಿಲೋ ಸೂಕ್ಷ್ಮ ಕಣ ಗಾಳಿಗೆ ಸೇರಿದಂತಾಯಿತು. ಭಾರತದ ವಾಯುಗುಣಮಟ್ಟದ ಮಾನದಂಡದಂತೆ 24 ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ 2.5 ಇರಬಹುದು, ಅದಕ್ಕಿಂತ ಹೆಚ್ಚಿರಬಾರದು. ಈ 1,680 ಕಿಲೋ ಕಣವು, ಹತ್ತು ಕಿಲೋಮೀಟರ್ ಉದ್ದ, ಹತ್ತು ಕಿಲೋಮೀಟರ್ ಅಗಲದ ಸೀಮೆಯ ಗಾಳಿಯನ್ನು 280 ಮೀಟರ್ ಎತ್ತರದವರೆಗೆ ಆ ಮಿತಿಗೆ ಮುಟ್ಟಿಸಲು ಸಾಕು. ಗಾಳಿ ಬೀಸಿ ಚದುರಿಸುವುದರಿಂದ ವಾಸ್ತವದಲ್ಲಿ ಹೀಗೆ ಸಮನಾಗಿ ಹರಡುವುದಿಲ್ಲ. ಆದರೆ ಒಂದು ಗುಡ್ಡದ ಬೆಂಕಿಯ ಶಕ್ತಿ ಎಷ್ಟೆಂಬುದು ಇದರಿಂದ ಮನವರಿಕೆಯಾಗುತ್ತದೆ.

ಇದೇ ಲೆಕ್ಕವನ್ನು ಅಡಿಕೆ ಸಿಪ್ಪೆಗೂ ಅನ್ವಯಿಸಿ ನೋಡೋಣ. ಊರ ಬದಿಯ ರಾಶಿಯಲ್ಲಿ ಒಂದು ರಾತ್ರಿಗೆ 100 ಕಿಲೋ ಸಿಪ್ಪೆ ಹೊಗೆಯಾಡಿತೆನ್ನೋಣ. ಕಿಲೋಗೆ 7 ಗ್ರಾಂನಂತೆಯೇ ಹಿಡಿದರೂ 700 ಗ್ರಾಂ ಕಣವಾಯಿತು. ಗಾಳಿಯಾಡದ ರಾತ್ರಿಯಲ್ಲಿ ಅದು ಅರ್ಧ ಕಿಲೋಮೀಟರ್ ಉದ್ದಗಲದ ಹಳ್ಳಿಯ ಮೇಲೆ 20 ಮೀಟರ್ ಎತ್ತರದೊಳಗೆ ನಿಂತರೆ, ಘನ ಮೀಟರಿಗೆ 140 ಮೈಕ್ರೋಗ್ರಾಂ ಆಗುತ್ತದೆ. ಅಂದರೆ ಮಿತಿಯ ಎರಡು ಪಟ್ಟಿಗೂ ಹೆಚ್ಚು. ದೂರದ ದೊಡ್ಡ ಬೆಂಕಿಯಷ್ಟೇ ಹತ್ತಿರದ ಸಣ್ಣ ಬೆಂಕಿಯೂ ಲೆಕ್ಕಕ್ಕೆ ಬರುವುದು ಹೀಗೆ.

ಸುಟ್ಟ ನೆಲವನ್ನು ಅಳೆಯಲು ಈಗ ಉಪಗ್ರಹಗಳ ನೆರವಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕಾಡ್ಗಿಚ್ಚು ಹಬ್ಬಿದಾಗ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಅರಣ್ಯ ಸುಟ್ಟಿದೆಯೆಂದು ತಿಳಿದುಬಂದದ್ದು ಉಪಗ್ರಹ ಚಿತ್ರಗಳಿಂದಲೇ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು 2004ರಿಂದ ಉಪಗ್ರಹದ ಮಾಹಿತಿಯ ಆಧಾರದ ಮೇಲೆ ಬೆಂಕಿಯ ಎಚ್ಚರಿಕೆ ಸಂದೇಶಗಳನ್ನು ರಾಜ್ಯಗಳ ಅರಣ್ಯ ಇಲಾಖೆಗಳಿಗೆ ತಲುಪಿಸುತ್ತಿದೆ. ಗಾಳಿಯ ಗುಣಮಟ್ಟವನ್ನು ನಿರಂತರವಾಗಿ ಅಳೆಯುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರವೊಂದು ಚಿಕ್ಕಮಗಳೂರಿನ ಕಲ್ಯಾಣನಗರದಲ್ಲಿದೆ. ಆದರೆ ಗಿರಿಯ ಆ ಬದಿಯ ಅಂಕಿಯನ್ನು ಗಿರಿಯ ಈ ಬದಿಯ ಹಳ್ಳಿಯ ಗಾಳಿಗೆ ಹೊಂದಿಸಲಾಗದು. ಗುಡ್ಡ ಒಂದೇ ಆದರೂ ಗಾಳಿ ಬೇರೆ. ನಮ್ಮ ಊರಿನ ಮಟ್ಟಿಗೆ ನಮ್ಮ ಕಣ್ಣು ಮೂಗುಗಳೇ ಮೊದಲ ಮಾಪಕ.

ಬೆಟ್ಟದ ಹೊಗೆ ಊರಿಗೆ ಇಳಿಯುವುದು

ಹಗಲಿನಲ್ಲಿ ಬಿಸಿಲಿಗೆ ನೆಲ ಕಾಯುತ್ತದೆ. ಕಾದ ಗಾಳಿ ಹೊಗೆಯನ್ನು ಮೇಲಕ್ಕೆ ಒಯ್ಯುತ್ತದೆ. ಸೂರ್ಯ ಮುಳುಗಿದ ಬಳಿಕ ಗಿರಿಯ ಇಳಿಜಾರು ಬೇಗ ತಣ್ಣಗಾಗಿ, ಅಲ್ಲಿನ ತಂಪು ಗಾಳಿ ನೀರಿನಂತೆ ಕಣಿವೆಗಳ ಮೂಲಕ ಕೆಳಕ್ಕೆ ಜಾರುತ್ತದೆ. ಜೊತೆಗೆ ಹೊಗೆಯೂ ಇಳಿಯುತ್ತದೆ. ಚಳಿಗಾಲ ಮುಗಿಯುವ ದಿನಗಳ ನಿರಭ್ರ ರಾತ್ರಿಗಳಲ್ಲಿ ನೆಲದ ಸಮೀಪದ ಗಾಳಿ ತಣ್ಣಗೆ, ಅದರ ಮೇಲಿನ ಪದರ ಬೆಚ್ಚಗೆ ಇರುತ್ತದೆ. ಈ ಬೆಚ್ಚನೆಯ ಪದರ ಪಾತ್ರೆಗೆ ಮುಚ್ಚಳವಿಟ್ಟಂತೆ ಹೊಗೆಯನ್ನು ಕೆಳಗೇ ಹಿಡಿದಿಡುತ್ತದೆ. ಬೆಳಗಿನ ಜಾವ ತೋಟಗಳ ಮೇಲೆ, ಕೆರೆಯಂಗಳದ ಮೇಲೆ ನೀಲಿಬಣ್ಣದ ತೆಳುಪರದೆ ಕಾಣುವುದು, ಸೂರ್ಯ ಕೆಂಪಗೆ ಕಾಂತಿಗುಂದಿ ಹುಟ್ಟುವುದು ಇದರ ಗುರುತು. ಬಿಸಿಲೇರಿದ ಮೇಲೆ ಮುಚ್ಚಳ ತೆರೆದು ಹೊಗೆ ಚದುರುತ್ತದೆ.

ಹಲವರು ಈ ಪರದೆಯನ್ನು ಮಂಜೆಂದು ತಿಳಿದು ವಾಯುವಿಹಾರಕ್ಕೆ ಹೊರಡುತ್ತಾರೆ. ಮಂಜಿಗೆ ತೇವವಿದೆ, ವಾಸನೆಯಿಲ್ಲ. ಹೊಗೆಗೆ ಕಮಟು ವಾಸನೆಯಿದೆ, ಕಣ್ಣಿಗೆ ಉರಿಯಿದೆ. ಈ ಭೇದ ತಿಳಿದಿರಬೇಕು.

ದೇಹದೊಳಗೆ ನಡೆಯುವುದು

ದೊಡ್ಡ ಧೂಳಿನ ಕಣವನ್ನು ಮೂಗಿನ ರೋಮ, ಗಂಟಲಿನ ಲೋಳೆ ತಡೆಯುತ್ತವೆ. ಕೆಮ್ಮು, ಸೀನು ಹೊರಹಾಕುತ್ತವೆ. ಪಿಎಂ 2.5 ಕಣಗಳು ಈ ಕಾವಲನ್ನು ದಾಟಿ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಸಾಗುತ್ತವೆ. ಅಲ್ಲಿ ಉರಿಯೂತ ಉಂಟುಮಾಡುತ್ತವೆ. ಅತಿಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ. ಹೀಗಾಗಿ ಹೊಗೆಯ ಪೆಟ್ಟು ಶ್ವಾಸಕೋಶಕ್ಕೆ ನಿಲ್ಲದೆ ಹೃದಯ ಮತ್ತು ರಕ್ತನಾಳಗಳಿಗೂ ತಗಲುತ್ತದೆ. ಬೆಂಕಿಯ ಸಮೀಪದಲ್ಲಿರುವವರಿಗೆ ಇಂಗಾಲದ ಮೊನಾಕ್ಸೈಡಿನ ಅಪಾಯ ಬೇರೆ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಈ ಅನಿಲವನ್ನು ಅಪ್ಪಿಕೊಳ್ಳುವುದರಿಂದ ದೇಹ ಆಮ್ಲಜನಕಕ್ಕಾಗಿ ಪರದಾಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಮೊದಲ ಸೂಚನೆಗಳು.

ಜಗತ್ತಿನ 43 ದೇಶಗಳ 749 ನಗರಗಳ ಮರಣದ ದಾಖಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2021ರಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಡ್ಗಿಚ್ಚಿನಿಂದ ಬಂದ ಪಿಎಂ 2.5 ಮೂರು ದಿನಗಳ ಸರಾಸರಿಯಲ್ಲಿ ಘನ ಮೀಟರಿಗೆ 10 ಮೈಕ್ರೋಗ್ರಾಂ ಏರಿದರೆ ಒಟ್ಟು ಮರಣಗಳು ಶೇಕಡ 1.9ರಷ್ಟು ಹೆಚ್ಚುವುದನ್ನು ಅದು ತೋರಿಸಿತು. ಅದೇ ವರ್ಷ ಪ್ರಕಟವಾದ ದಕ್ಷಿಣ ಕ್ಯಾಲಿಫೋರ್ನಿಯಾದ ಅಧ್ಯಯನವೊಂದು, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರುವವರ ಸಂಖ್ಯೆಯ ಮಟ್ಟಿಗೆ ಕಾಡ್ಗಿಚ್ಚಿನ ಸೂಕ್ಷ್ಮ ಕಣವು ವಾಹನ ಮೊದಲಾದ ಇತರ ಮೂಲಗಳ ಅಷ್ಟೇ ಪ್ರಮಾಣದ ಕಣಕ್ಕಿಂತ ಹೆಚ್ಚು ಹಾನಿಕರವೆಂದು ಕಂಡುಕೊಂಡಿತು. 2019–20ರ ಬೇಸಿಗೆಯಲ್ಲಿ ಆಸ್ಟ್ರೇಲಿಯಾದ ಪೂರ್ವಭಾಗವನ್ನು ಆವರಿಸಿದ ಹೊಗೆಯಿಂದ 417 ಹೆಚ್ಚುವರಿ ಮರಣಗಳಾದವೆಂದು ಅಲ್ಲಿನ ಸಂಶೋಧಕರು ಅಂದಾಜಿಸಿದರು. ಮರದ ಹೊಗೆ ನೈಸರ್ಗಿಕ, ಆದ್ದರಿಂದ ನಿರಪಾಯಕಾರಿ ಎಂಬ ಭಾವನೆಗೆ ಈ ಅಧ್ಯಯನಗಳ ಮುಂದೆ ಆಧಾರ ಉಳಿಯುವುದಿಲ್ಲ.

‘ಒಲೆಯ ಹೊಗೆ ಕುಡಿದೇ ಬದುಕಿದೆವಲ್ಲ?’

ಹಿರಿಯರು ಈ ಪ್ರಶ್ನೆಯನ್ನು ಕೇಳುವುದುಂಟು. ಇದಕ್ಕೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ಸುತ್ತೂರು ಶ್ರೀಮಠದ ಆಶ್ರಯದಲ್ಲಿ ಬೆಳೆದ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಸೀಮೆಯ ಗ್ರಾಮೀಣ ಮಹಿಳೆಯರಲ್ಲಿ ಸೌದೆ ಒಲೆಯ ಹೊಗೆಯ ಪರಿಣಾಮವನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು, ಹಾಗೆ ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದಾಗ ಬರುವ ಸಂಖ್ಯೆಯೇ ಅವರ ಸೂಚ್ಯಂಕ. ಅದು 60 ಮುಟ್ಟಿದಾಗ ದೀರ್ಘಕಾಲದ ಬ್ರಾಂಕೈಟಿಸ್, ಅಂದರೆ ತಿಂಗಳುಗಟ್ಟಲೆ ಕಫದೊಡನೆ ಕಾಡುವ ಕೆಮ್ಮಿನ ಅಪಾಯ ಗಣನೀಯವಾಗುವುದೆಂದು ಅವರು ಕಂಡರು. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಒಲೆ ಉರಿಸಿದ ತಾಯಿ ಈ ಸಂಖ್ಯೆಯನ್ನು ಮುಟ್ಟಿರುತ್ತಾಳೆ. ನಮ್ಮ ಮನೆಗಳ ಅಜ್ಜಿಯರಲ್ಲಿ, ತಾಯಂದಿರಲ್ಲಿ ಎಷ್ಟೋ ಮಂದಿಯ ಲೆಕ್ಕ ನೂರನ್ನೂ ದಾಟೀತು. ಅಡಿಕೆ ಬೇಯಿಸುವ ಒಲೆಯ ಮುಂದೆ ಸುಗ್ಗಿಯುದ್ದಕ್ಕೂ ಕುಳಿತವರ ಪಾಲಿಗೆ ಇನ್ನೂ ಹೆಚ್ಚು.

ಅವರು ಹೊಗೆಯನ್ನು ಗೆದ್ದು ಬದುಕಿದರೆನ್ನುವುದಕ್ಕಿಂತ, ಹೊಗೆಯ ಗಾಯವನ್ನು ಸಹಿಸಿಕೊಂಡು ಬದುಕಿದರೆನ್ನುವುದು ಸತ್ಯಕ್ಕೆ ಹತ್ತಿರ. ‘ವಯಸ್ಸಾಯಿತು, ಕೆಮ್ಮು ಸಹಜ’ ಎಂದು ನಾವು ತಳ್ಳಿಹಾಕಿದ ದಮ್ಮು ಎಷ್ಟೋ ಸಲ ಈ ಗಾಯವೇ ಆಗಿರುತ್ತದೆ. ಇಂತಹ ಶ್ವಾಸಕೋಶದ ಮೇಲೆ ಬೇಸಿಗೆಯ ಕಾಡ್ಗಿಚ್ಚಿನ ಹೊಗೆ ಬಂದು ಬೀಳುತ್ತದೆ. ಆರೋಗ್ಯವಂತ ಯುವಕನಿಗೆ ಎರಡು ದಿನದ ಗಂಟಲುರಿಯಾಗಿ ಹೋಗುವ ಹೊಗೆ, ಅವನ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಬಲ್ಲದು.

ಹಿರಿಯರಂತೆಯೇ ಮಕ್ಕಳೂ ಅಪಾಯದಲ್ಲಿದ್ದಾರೆ. ಮಕ್ಕಳು ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತಾರೆ. ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಗರ್ಭಿಣಿಯರು, ಉಬ್ಬಸದವರು, ಹೃದ್ರೋಗಿಗಳು, ಸಿಒಪಿಡಿ ಎಂದು ವೈದ್ಯರು ಕರೆಯುವ ಶ್ವಾಸಕೋಶದ ಕಾಯಿಲೆಯವರು ಇದೇ ಸಾಲಿನಲ್ಲಿ ಬರುತ್ತಾರೆ. ಎಲ್ಲರಿಗಿಂತ ಮುಂದೆ ನಿಲ್ಲುವವರು ಬೆಂಕಿ ನಂದಿಸುವ ಅರಣ್ಯ ಸಿಬ್ಬಂದಿ ಮತ್ತು ಬೇಸಿಗೆಯಲ್ಲಿ ದಿನಗೂಲಿಗೆ ದುಡಿಯುವ ಬೆಂಕಿ ಕಾವಲುಗಾರರು. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ತೆತ್ತರು. ಗುಡ್ಡಕ್ಕೆ ಕಡ್ಡಿ ಗೀರುವ ಕೈ ಇದನ್ನು ನೆನೆಯಬೇಕು.

ಬೆಂಕಿ ಹಚ್ಚುವ ಕಾರಣಗಳ ವಿಚಾರ

ಬಿದಿರು ಬಿದಿರಿಗೆ ಉಜ್ಜಿ ಕಾಡಿಗೆ ಬೆಂಕಿ ಬೀಳುತ್ತದೆಂಬ ಮಾತು ಪ್ರಚಲಿತವಾಗಿದೆ. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಆಗುವಂಥವು. ಸೇದಿ ಎಸೆದ ಬೀಡಿ, ಗುಡ್ಡದ ಮೇಲೆ ಅಡುಗೆ ಮಾಡಿ ಆರಿಸದೆ ಬಿಟ್ಟ ಒಲೆ, ಹೊಲದಿಂದ ಹಾರಿದ ಕಿಡಿ, ಬೇಕೆಂದೇ ಹಚ್ಚಿದ ಬೆಂಕಿ ಇವೆಲ್ಲ ಅದರಲ್ಲಿ ಸೇರುತ್ತವೆ.

ಹೊಸಹುಲ್ಲು ಚೆನ್ನಾಗಿ ಬರಲೆಂದು ದನಗಾಹಿಗಳು ಬೆಂಕಿಯಿಡುತ್ತಾರೆ. ಸುಟ್ಟ ನೆಲದಲ್ಲಿ ಎಳೆಚಿಗುರು ಬೇಗ ಮೂಡುವುದು ನಿಜ. ಆದರೆ ವರ್ಷವರ್ಷವೂ ಸುಟ್ಟ ಇಳಿಜಾರಿನಲ್ಲಿ ಮೊದಲ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಹೊಲ ಸುಟ್ಟರೆ ಬೂದಿ ಗೊಬ್ಬರವಾಗುವುದೆಂಬುದೂ ಅರ್ಧಸತ್ಯ; ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ, ಸಾರಜನಕದ ಬಹುಭಾಗ ಹೊಗೆಯೊಡನೆ ಹೋಗುತ್ತದೆ. ಮರುವರ್ಷ ಅದನ್ನೇ ಯೂರಿಯಾ ಚೀಲದ ರೂಪದಲ್ಲಿ ಹಣ ಕೊಟ್ಟು ತರಬೇಕಾಗುತ್ತದೆ.

ಬೆಂಕಿಯೆಲ್ಲವೂ ಕೆಡುಕೆಂದು ನಾವು ಹೇಳುವುದಿಲ್ಲ. ಬೇಸಿಗೆಗೆ ಮೊದಲೇ ಅರಣ್ಯ ಇಲಾಖೆಯು ಕಾವಲಿನಲ್ಲಿ ನಿಂತು ಪಟ್ಟಿಪಟ್ಟಿಯಾಗಿ ಸುಟ್ಟು ಬೆಂಕಿ ರೇಖೆ ನಿರ್ಮಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಋತುವಿನ ಆರಂಭದಲ್ಲಿ ಹಾಕುತ್ತಿದ್ದ ‘ತರಗು ಬೆಂಕಿ’ಯನ್ನು ಸಂಶೋಧಕರು ಗೌರವದಿಂದ ಅಧ್ಯಯನ ಮಾಡಿದ್ದಾರೆ. ಕಾಲ, ಅಳತೆ, ಕಾವಲು ಅರಿತ ಬೆಂಕಿ ಅದು. ಮಾರ್ಚ್ ತಿಂಗಳ ಬಿರುಬಿಸಿಲಿನಲ್ಲಿ ಹಚ್ಚಿ ಬೆನ್ನು ತಿರುಗಿಸುವ ಬೆಂಕಿಗೆ ಆ ಹೆಸರು ಸಲ್ಲದು. ವನ್ಯಜೀವಿಧಾಮದಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಅಡಿಕೆ ಸಿಪ್ಪೆಯ ವಿಷಯದಲ್ಲಿ ಬೆಳೆಗಾರರ ಕಷ್ಟ ನಮಗೆ ತಿಳಿದಿದೆ. ಸುಲಿದ ಸಿಪ್ಪೆ ರಾಶಿ ಬೀಳುತ್ತದೆ, ಬೇಗ ಕೊಳೆಯುವುದಿಲ್ಲ, ಇಡಲು ಜಾಗವಿಲ್ಲ. ಹಾಗೆಂದು ರಸ್ತೆಬದಿಗೆ ಸುರಿದರೆ ಯಾರೋ ಎಸೆದ ಕಿಡಿಗೆ ಅದು ವಾರಗಟ್ಟಲೆ ಹೊಗೆಯಾಡುತ್ತದೆ. ಕೆಂಡದ ಹಂತದ ಹೊಗೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ತೋಟದ ಮೂಲೆಯ ಗುಂಡಿಯಲ್ಲಿ ಸಿಪ್ಪೆ, ಸಗಣಿ ಬಗ್ಗಡ, ಹಸಿಸೊಪ್ಪುಗಳನ್ನು ಪದರಪದರವಾಗಿ ಹಾಕಿ ತೇವ ಕಾಯ್ದುಕೊಂಡರೆ, ನಿಧಾನವಾಗಿಯಾದರೂ ಅದು ಗೊಬ್ಬರವಾಗುತ್ತದೆ. ತೆಂಗಿನ ಗರಿಗಳನ್ನು ಎರೆಗೊಬ್ಬರ ಮಾಡುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದೆ. ಒಬ್ಬ ರೈತನಿಗೆ ಭಾರವಾದುದು ಗ್ರಾಮ ಪಂಚಾಯಿತಿ ಒಂದು ಜಾಗ ಗುರುತಿಸಿಕೊಟ್ಟರೆ ಹಗುರವಾಗುತ್ತದೆ.

ಹೊಗೆಯ ದಿನಗಳಲ್ಲಿ ಪಾಲಿಸಬೇಕಾದುದು

1. ಬೆಳಿಗ್ಗೆ ಹೊಗೆ ಕವಿದಿದ್ದರೆ ವಾಯುವಿಹಾರ, ವ್ಯಾಯಾಮ, ಹೊಲದ ಶ್ರಮದ ಕೆಲಸಗಳನ್ನು ಬಿಸಿಲೇರಿ ಹೊಗೆ ಚದುರುವವರೆಗೆ ಮುಂದೂಡಬೇಕು. ಶಾಲೆಗಳಲ್ಲಿ ಬೆಳಗಿನ ಆಟೋಟಗಳಿಗೂ ಇದು ಅನ್ವಯಿಸುತ್ತದೆ.

2. ಹೊಗೆ ದಟ್ಟವಾಗಿರುವಾಗ ಹಿರಿಯರು, ಮಕ್ಕಳು, ಗರ್ಭಿಣಿಯರು ಮನೆಯ ಒಂದು ಕೋಣೆಯಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಂಡು ಇರಬೇಕು. ಅಲ್ಲಿ ಸೌದೆ ಒಲೆ, ಸೊಳ್ಳೆಬತ್ತಿ, ಬೀಡಿ ಸಿಗರೇಟು ಸಲ್ಲದು. ಊದುಬತ್ತಿ, ಧೂಪಗಳನ್ನು ಅಂದಿಗೆ ಮಿತಗೊಳಿಸಿದರೆ ಪೂಜೆಗೆ ಕೊರತೆಯಾಗದು. ಹೊರಗಿನ ಗಾಳಿ ತಿಳಿಯಾದೊಡನೆ ಕಿಟಕಿ ತೆರೆಯಬೇಕು.

3. ಹೊರಗೆ ಹೋಗಲೇಬೇಕಾದವರು ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮುಖಗವಸು ಧರಿಸಬೇಕು. ಒದ್ದೆ ಟವೆಲು, ಸೆರಗು, ಬಟ್ಟೆಯ ಮಾಸ್ಕು ದೊಡ್ಡ ಧೂಳನ್ನು ತಡೆದರೂ ಸೂಕ್ಷ್ಮ ಕಣಗಳನ್ನು ತಡೆಯಲಾರವು.

4. ಉಬ್ಬಸದವರು, ಹೃದ್ರೋಗಿಗಳು ವೈದ್ಯರು ಹೇಳಿದ ಔಷಧವನ್ನು ತಪ್ಪಿಸಬಾರದು. ಬೆಂಕಿಯ ಕಾಲ ಬರುವ ಮೊದಲೇ ಇನ್‌ಹೇಲರ್ ಖಾಲಿಯಾಗಿಲ್ಲವೆಂದು ನೋಡಿಕೊಳ್ಳಬೇಕು.

5. ಬೆಲ್ಲ, ಮೆಣಸಿನ ಕಷಾಯ, ಬಿಸಿನೀರು ಗಂಟಲಿಗೆ ಹಿತ ನೀಡುತ್ತವೆ. ಆದರೆ ಶ್ವಾಸಕೋಶಕ್ಕೆ ಇಳಿದ ಕಣವನ್ನು ಅವು ಹೊರತೆಗೆಯಲಾರವು. ಔಷಧಕ್ಕೆ ಬದಲಿಯೂ ಅಲ್ಲ.

6. ಮಾತು ಪೂರೈಸಲಾಗದಷ್ಟು ಏದುಸಿರು, ಎದೆಬಿಗಿತ, ತುಟಿ ಉಗುರು ನೀಲಿಗಟ್ಟುವಿಕೆ, ಮಂಕು ಕವಿದಂತಾಗುವುದು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಬೇಕು.

7. ಕಾಡಿನಲ್ಲಿ, ಕಾವಲಿನಲ್ಲಿ ಬೆಂಕಿ ಕಂಡವರು ಅರಣ್ಯ ಸಹಾಯವಾಣಿ 1926 ಅಥವಾ ತುರ್ತು ಸಂಖ್ಯೆ 112ಕ್ಕೆ ತಿಳಿಸಬೇಕು. ತರಬೇತಿಯಿಲ್ಲದೆ ಇಳಿಜಾರಿನ ಬೆಂಕಿಯ ಮೇಲ್ಭಾಗಕ್ಕೆ ಹೋಗಬಾರದು. ಬೆಂಕಿ ಏರಿನಲ್ಲಿ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ.

8. ಉರಿ ನಂದಿದ ಮೇಲೆಯೂ ಹೊಗೆಯಾಡುವ ಕೊರಡು, ರಾಶಿಗಳನ್ನು ಕೆದಕಿ, ನೀರು ಹೊಯ್ದು, ಮಣ್ಣು ಮುಚ್ಚಿ ಪೂರ್ತಿ ತಣಿಸಬೇಕು. ಹೊಗೆ ನಿಂತಾಗಲೇ ಬೆಂಕಿ ಆರಿತೆನ್ನಬೇಕು.

ನಮ್ಮ ಪಾಲಿನ ಕರ್ತವ್ಯ

ಭೂಕಂಪ, ಬಿರುಗಾಳಿಗಳನ್ನು ನಾವು ತಡೆಯಲಾರೆವು. ಈ ಹೊಗೆ ಅಂಥದಲ್ಲ. ಅದರ ಬಹುಭಾಗ ಒಂದು ಕಡ್ಡಿಯಿಂದ, ಒಂದು ಅಲಕ್ಷ್ಯದಿಂದ ಹುಟ್ಟುತ್ತದೆ. ಅದನ್ನು ಹುಟ್ಟದಂತೆ ತಡೆಯುವ ಶಕ್ತಿಯೂ ಅದೇ ಕೈಯಲ್ಲಿದೆ. ಬರುವ ಜಾತ್ರೆ, ಪಾದಯಾತ್ರೆಗಳ ದಿನಗಳಲ್ಲಿ ಗಿರಿಗಳಿಗೆ ತೆರಳುವ ಭಕ್ತರು ಅಲ್ಲಿ ಒಲೆ ಹೂಡದಿರಲಿ. ತೋಟದವರು ಸಿಪ್ಪೆಯ ರಾಶಿಗೆ ಬೆಂಕಿ ತಾಗದಂತೆ ಕಾಯಲಿ. ದನಕರು ಮೇಯಿಸುವ ಬಂಧುಗಳೊಡನೆ ಊರಿನ ಹಿರಿಯರು ಕುಳಿತು, ಗದರದೆ, ಅವರ ಮೇವಿನ ಕಷ್ಟವನ್ನು ಕೇಳಿ ಮಾತನಾಡಲಿ. ಪ್ರತಿಯೊಂದು ಮನೆಯೂ ತನ್ನ ಓಣಿಯಲ್ಲಿ ದಮ್ಮಿನಿಂದ ನರಳುವ ಹಿರಿಯ ಜೀವ ಯಾವುದೆಂದು ತಿಳಿದಿರಲಿ. ಹೊಗೆ ಕವಿದ ಬೆಳಿಗ್ಗೆ ಒಮ್ಮೆ ಅವರ ಬಾಗಿಲಿಗೆ ಹೋಗಿ ವಿಚಾರಿಸಲಿ.

ಗಾಳಿಗೆ ಬೇಲಿಯಿಲ್ಲ. ನಾವು ಬಿಟ್ಟ ಹೊಗೆಯನ್ನು ನೆರೆಯವನ ಮಗು ಉಸಿರಾಡುತ್ತದೆ. ಈ ಬೇಸಿಗೆಯಲ್ಲಿ ಇಷ್ಟನ್ನು ನೆನಪಿಟ್ಟು ನಡೆದುಕೊಂಡರೆ ಬೆಟ್ಟವೂ ಉಳಿದೀತು, ಉಸಿರೂ ಹಗುರಾದೀತು.